ಹಲ್ಲಿಗೆ ತಂತಿ ಹಾಕಿಸುವ ಮುನ್ನ ಮುಖದ ಪಕ್ಕನೋಟ

'ಹಲ್ಲು ಮುಂದಕ್ಕೆ ಬಂದಿದೆ ಡಾಕ್ಟ್ರೇ, ಕ್ಲಿಪ್ ಹಾಕಿ ಒಳಗೆ ತಳ್ಳಿಬಿಡಿ.' ದಂತವೈದ್ಯರ ಬಳಿಗೆ ಮಕ್ಕಳನ್ನು ಕರೆತರುವ ತಂದೆತಾಯಿಗಳು ಸಾಮಾನ್ಯವಾಗಿ ಹೇಳುವ ಮಾತಿದು. ದೇವರಾಯನದುರ್ಗ, ಊರ್ಡಿಗೆರೆಗಳಿಂದ ಬಸ್ಸು ಹತ್ತಿ ತುಮಕೂರಿಗೆ ಬಂದವರಾಗಲಿ, ಗುಬ್ಬಿ, ಕುಣಿಗಲ್‌ಗಳಿಂದ ಬಂದವರಾಗಲಿ, ಅವರ ಕಣ್ಣು ಇರುವುದು ಹಲ್ಲಿನ ಮೇಲೆ ಮಾತ್ರ. ಆದರೆ ವಕ್ರದಂತ ಚಿಕಿತ್ಸೆಯಲ್ಲಿ ಪರಿಣತಿ ಪಡೆದ ವೈದ್ಯರು, ಅಂದರೆ ಆರ್ಥೊಡಾಂಟಿಸ್ಟರು, ಬಾಯಿ ತೆರೆಸುವ ಮೊದಲು ಮಗುವನ್ನು ನೇರವಾಗಿ ನಿಲ್ಲಿಸಿ ಪಕ್ಕದಿಂದ ನೋಡುತ್ತಾರೆ. 'ಹಲ್ಲು ನೋಡಿ ಅಂದರೆ ಕಿವಿಯ ಕಡೆ ನಿಂತು ನೋಡುತ್ತಾರಲ್ಲ' ಎಂದು ಪೋಷಕರಿಗೆ ಅನ್ನಿಸಬಹುದು. ಇಡೀ ಚಿಕಿತ್ಸೆಯಲ್ಲಿ ಈ ಎರಡು ನಿಮಿಷಗಳ ನೋಟಕ್ಕೆ ಇರುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲವೆಂದರೆ ತಪ್ಪಾಗಲಾರದು.

ಏಕೆಂದರೆ ತುಟಿಗೆ ತನ್ನದೇ ಆದ ಮೂಳೆಯ ಆಸರೆಯಿಲ್ಲ. ಮೇಲಿನ ತುಟಿ ಮೇಲಿನ ಬಾಚಿಹಲ್ಲುಗಳ ಮೇಲೆ ಒರಗಿಕೊಂಡಿರುತ್ತದೆ. ಕೆಳತುಟಿಗೂ ಸ್ವಲ್ಪಮಟ್ಟಿಗೆ ಆಸರೆ ಕೊಡುವುದು ಮೇಲಿನ ಹಲ್ಲುಗಳ ಅಂಚೇ. ಚಪ್ಪರದ ಗಳುಗಳನ್ನು ಹಿಂದಕ್ಕೆ ಸರಿಸಿದರೆ ಮೇಲಿನ ಹೊದಿಕೆಯೂ ಹಿಂದಕ್ಕೆ ಇಳಿಯುವಂತೆ, ಹಲ್ಲು ಹಿಂದಕ್ಕೆ ಸರಿದಾಗ ತುಟಿಯೂ ಸರಿಯುತ್ತದೆ. ಆದರೆ ತಂತಿ ಕಟ್ಟಿದರೆ ಮೂಗು ಸರಿಯುವುದಿಲ್ಲ. ವಯಸ್ಕರಲ್ಲಿ ಗದ್ದವೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೀಗಾಗಿ ತುಟಿ ಒಳಗೆ ಹೋದಷ್ಟೂ ಮೂಗು ಮುಂದೆ ಬಂದಂತೆ ಕಾಣುತ್ತದೆ. ಹಲ್ಲಿನ ಸಾಲು ಮುತ್ತು ಪೋಣಿಸಿದಂತಾಗಿ, ಮುಖ ಮಾತ್ರ ಬಾಡಿದಂತಾದರೆ ಪ್ರಯೋಜನವೇನು?

ಅಪೋಲೋ ಮೂರ್ತಿ, ತೊಂಡೆಹಣ್ಣಿನ ತುಟಿ

ಈ ವಿಚಾರ ವೈದ್ಯರಿಗೂ ಒಂದೇ ದಿನದಲ್ಲಿ ಹೊಳೆದದ್ದಲ್ಲ. ವಕ್ರದಂತಗಳನ್ನು ವರ್ಗೀಕರಿಸಿ 1899ರಲ್ಲಿ ಪ್ರಕಟಿಸಿದ ಅಮೆರಿಕದ ಎಡ್ವರ್ಡ್ ಆಂಗಲ್ ಅವರು ಗ್ರೀಕರ ಅಪೋಲೋ ಮೂರ್ತಿಯ ಮುಖವನ್ನು ಸೌಂದರ್ಯದ ಅಳತೆಗೋಲಾಗಿ ಹಿಡಿದಿದ್ದರು. ಅಷ್ಟೂ ಹಲ್ಲುಗಳನ್ನು ಉಳಿಸಿಕೊಂಡು ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುವಂತೆ ಮಾಡಿದರೆ ಮುಖದ ಚೆಲುವು ತಾನಾಗಿಯೇ ಬರುತ್ತದೆಂಬುದು ಅವರ ನಂಬಿಕೆ. ಕ್ಯಾಲ್ವಿನ್ ಕೇಸ್ ಎಂಬ ವೈದ್ಯರು 1911ರಲ್ಲಿ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಕೆಲವರ ಮುಖಕ್ಕೆ ಅಷ್ಟೂ ಹಲ್ಲು ಹೆಚ್ಚಾಗುತ್ತದೆ, ಒಂದೆರಡನ್ನು ಕೀಳಲೇಬೇಕಾಗುತ್ತದೆ ಎಂಬುದು ಕೇಸ್ ಅವರ ವಾದ. ಆಂಗಲ್ 1930ರಲ್ಲಿ ತೀರಿಕೊಂಡರು. ಅವರ ಶಿಷ್ಯರೇ ಆದ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ತಾವು ಚಿಕಿತ್ಸೆ ಮಾಡಿದ ಅನೇಕರಲ್ಲಿ ಹಲ್ಲುಗಳು ಮತ್ತೆ ವಕ್ರವಾದದ್ದನ್ನೂ ತುಟಿ ಉಬ್ಬಿಕೊಂಡದ್ದನ್ನೂ ಕಂಡು, ನಾಲ್ಕು ಮುಂದವಡೆ ಹಲ್ಲುಗಳನ್ನು ತೆಗೆದು ಚಿಕಿತ್ಸೆ ಮಾಡತೊಡಗಿದರು. ಕೋರೆಹಲ್ಲಿನ ಹಿಂದೆಯೇ ಇರುವ, ಎರಡು ಮೊನೆಗಳ ಹಲ್ಲುಗಳಿವು. ಆಮೇಲಿನ ಕೆಲವು ದಶಕಗಳಲ್ಲಿ ಇದು ಎಲ್ಲೆಡೆ ರೂಢಿಯಾಯಿತು. ಹೀಗೆ ಒಂದು ಕಾಲಕ್ಕೆ ಕೀಳುವುದೇ ಸರಿ, ಇನ್ನೊಂದು ಕಾಲಕ್ಕೆ ಕೀಳದಿರುವುದೇ ಸರಿ ಎಂದು ತಕ್ಕಡಿ ಆಚೀಚೆ ತೂಗುತ್ತ ಬಂದಿದೆ.

1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆಬೇರೆಯಾಗಿ, ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದಿಟ್ಟು ಪಕ್ಕದಿಂದ ಎಕ್ಸ್-ರೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಸೆಫಲೋಗ್ರಾಂ ಎಂದು ಇದಕ್ಕೆ ಹೆಸರು. ಮೊದಮೊದಲು ಇದರ ಮೇಲೆ ಗೆರೆ ಎಳೆದು ಅಳೆಯುತ್ತಿದ್ದುದು ಮುಖ್ಯವಾಗಿ ಮೂಳೆ ಮತ್ತು ಹಲ್ಲುಗಳನ್ನು. ಆದರೆ ಕನ್ನಡಿಯಲ್ಲಿ ನಮಗೆ ಕಾಣುವುದು ಮೂಳೆಯಲ್ಲವಲ್ಲ! ಅದರ ಮೇಲಿನ ಮೂಗು, ತುಟಿ, ಗದ್ದಗಳ ಚರ್ಮ, ಕೊಬ್ಬು ಮತ್ತು ಸ್ನಾಯು, ಅಂದರೆ ಮೃದು ಅಂಗಾಂಶ, ಎಲ್ಲರಲ್ಲೂ ಒಂದೇ ದಪ್ಪ ಇರುವುದಿಲ್ಲ. ಒಳಗಿನ ಮೂಳೆಯ ಅಳತೆ ಒಂದೇ ಇದ್ದರೂ ಹೊರಗಿನ ಮುಖ ಬೇರೆಯಾಗಬಹುದು. ರಾಬರ್ಟ್ ರಿಕೆಟ್ಸ್ 1950ರ ದಶಕದಲ್ಲಿ ಮೂಗಿನ ತುದಿಯಿಂದ ಗದ್ದಕ್ಕೆ ಎಳೆದ ಗೆರೆ, 1983ರಲ್ಲಿ ಹೋಲ್ಡವೇ ಪ್ರಕಟಿಸಿದ ಮೃದು ಅಂಗಾಂಶಗಳ ಅಳತೆಗಳು, 1993ರಲ್ಲಿ ಆರ್ನೆಟ್ ಮತ್ತು ಬರ್ಗ್‌ಮನ್ ಮುಖ ಪರೀಕ್ಷೆಗೆ ಹಾಕಿಕೊಟ್ಟ ಕ್ರಮ, ಇವೆಲ್ಲ ಸೇರಿ ವೈದ್ಯರ ಗಮನವನ್ನು ಹಲ್ಲಿನಿಂದ ಮುಖದತ್ತ ತಿರುಗಿಸಿದವು.

ಇಲ್ಲಿ ನಮ್ಮವರು ಎಚ್ಚರ ವಹಿಸಬೇಕಾದ ಒಂದು ಮಾತಿದೆ. ಪುಸ್ತಕಗಳಲ್ಲಿರುವ ಹಳೆಯ ಅಳತೆಗಳಲ್ಲಿ ಬಹುಪಾಲು ಬಿಳಿಯರ ಮುಖಗಳಿಂದ ತೆಗೆದವು. ಭಾರತದ ಬೇರೆಬೇರೆ ಕಡೆ ನಡೆದ ಅಧ್ಯಯನಗಳಲ್ಲಿ ನಮ್ಮವರ ತುಟಿ ಅದಕ್ಕಿಂತ ತುಸು ಮುಂದಿರುವುದು ಕಂಡುಬಂದಿದೆ. ಅದು ಊನವಲ್ಲ. ನಮ್ಮ ಕವಿಗಳು ಹೊಗಳಿದ್ದು ತೊಂಡೆಹಣ್ಣಿನಂಥ ತುಟಿಯನ್ನು. ಹೊಯ್ಸಳ ಶಿಲ್ಪಿಗಳು ಮದನಿಕೆಯರಿಗೆ ಕೊಟ್ಟದ್ದೂ ತುಂಬಿದ ತುಟಿಯನ್ನೇ. ಅಪೋಲೋ ಅಳತೆಯನ್ನು ತಂದು ನಮ್ಮ ಹುಡುಗಿಯ ಮುಖಕ್ಕೆ ಹಿಡಿದು 'ತುಟಿ ಮುಂದಿದೆ, ನಾಲ್ಕು ಹಲ್ಲು ತೆಗೆಯೋಣ' ಎನ್ನುವುದು ಅವಸರದ ತೀರ್ಮಾನವಾದೀತು.

ಬೆಟ್ಟದ ಬುಡದಲ್ಲೊಂದು ಗದ್ದ, ಮೇಲೊಂದು ಗದ್ದ

ಪಕ್ಕನೋಟವನ್ನು ಅಳೆಯುವಾಗ ಮೊದಲು ಸರಿಯಾಗಬೇಕಾದದ್ದು ತಲೆಯ ಭಂಗಿ. ದೇವರಾಯನದುರ್ಗದ ಬುಡದಲ್ಲಿ ನಿಂತು ಮೇಲಿನ ಯೋಗಾನರಸಿಂಹ ಸ್ವಾಮಿಯ ಗುಡಿಯ ಕಡೆ ನೋಡುತ್ತಿರುವ ಹುಡುಗನ ಫೋಟೋವನ್ನು ಪಕ್ಕದಿಂದ ತೆಗೆಯಿರಿ. ತಲೆ ಹಿಂದಕ್ಕೆ ಬಾಗಿ ಗದ್ದ ಮುಂದಕ್ಕೆ ಚಾಚಿರುತ್ತದೆ. ಅದೇ ಹುಡುಗ ಮೇಲೆ ಹತ್ತಿ ಬಯಲಿನ ಕೆರೆಗಳನ್ನು ಬಗ್ಗಿ ನೋಡುವಾಗ ಇನ್ನೊಂದು ಫೋಟೋ ತೆಗೆಯಿರಿ. ಈಗ ಗದ್ದವೇ ಇಲ್ಲದವನಂತೆ, ಹಲ್ಲುಬ್ಬಿನವನಂತೆ ಕಾಣುತ್ತಾನೆ. ಒಂದೇ ಮುಖ, ಒಂದೇ ದಿನ, ಎರಡು ಬೇರೆಬೇರೆ ರೋಗನಿದಾನ! ಆದ್ದರಿಂದ ನೆಟ್ಟಗೆ ನಿಂತು, ಕಣ್ಣಿನ ಮಟ್ಟದಲ್ಲೇ ದೂರದಲ್ಲಿರುವ ಒಂದು ವಸ್ತುವನ್ನೋ ಕನ್ನಡಿಯಲ್ಲಿ ತನ್ನದೇ ಕಣ್ಣನ್ನೋ ನೋಡುವಂತೆ ಮಗುವಿಗೆ ಹೇಳಲಾಗುತ್ತದೆ. ಇದೇ ತಲೆಯ ಸಹಜ ಭಂಗಿ.

ಎರಡನೆಯದು ತುಟಿಯ ಸಡಿಲಿಕೆ. ಹಲ್ಲುಬ್ಬಿರುವ ಮಕ್ಕಳು ಯಾರಾದರೂ ನೋಡಿದ ಕೂಡಲೇ ತುಟಿ ಬಿಗಿದು ಹಲ್ಲನ್ನು ಮುಚ್ಚಿಕೊಳ್ಳುತ್ತಾರೆ. ಶಾಲೆಯಲ್ಲಿ ಕೇಳಿಸಿಕೊಂಡ ಅಡ್ಡಹೆಸರುಗಳು ಕಲಿಸಿದ ಅಭ್ಯಾಸವದು. ಹಾಗೆ ಬಿಗಿದ ತುಟಿಯನ್ನು ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಮಗುವನ್ನು ಸ್ವಲ್ಪ ಮಾತನಾಡಿಸಿ, ಉಗುಳು ನುಂಗಿಸಿ, ಹಲ್ಲುಗಳು ಹಗುರವಾಗಿ ತಾಗಿರುವಾಗ ತುಟಿಯನ್ನು ತನ್ನಷ್ಟಕ್ಕೆ ಬಿಡುವಂತೆ ಹೇಳಬೇಕು. ಆಗ ಎರಡು ತುಟಿಗಳ ನಡುವೆ ಮೂರು ಮಿ.ಮೀ. ಆಸುಪಾಸು ಸಂದಿದ್ದರೂ ಅದು ಸಹಜವೇ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಯೋಚಿಸಬೇಕು. ತುಟಿ ಮುಚ್ಚಲು ಹೇಳಿದಾಗ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆಯೇ ಎಂಬುದನ್ನು ಮನೆಯಲ್ಲೂ ನೋಡಬಹುದು. ಹಾಗಾದರೆ ತುಟಿ ಸುಲಭವಾಗಿ ಮುಚ್ಚುತ್ತಿಲ್ಲ, ಸ್ನಾಯು ಶ್ರಮಪಡುತ್ತಿದೆ ಎಂದರ್ಥ. ಎಂಟು, ಒಂಬತ್ತು ವರ್ಷದ ಮಕ್ಕಳಲ್ಲಿ ಇದು ಸ್ವಲ್ಪ ಮಟ್ಟಿಗೆ ಇದ್ದರೆ ಗಾಬರಿಯಾಗಬೇಕಿಲ್ಲ. ಬೆಳೆಯುತ್ತ ತುಟಿ ಉದ್ದವಾಗಿ ಹಲವರಲ್ಲಿ ಸಂದಿ ತಾನಾಗಿ ಕಡಿಮೆಯಾಗುತ್ತದೆ.

ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಚಿತ್ರಗಳನ್ನು ನಂಬಬೇಡಿ. ಹತ್ತಿರದಿಂದ ತೆಗೆದಾಗ ಮೂಗು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐದಾರು ಅಡಿ ದೂರ ನಿಂತು, ಮಗುವಿನ ಮುಖದ ಎತ್ತರದಲ್ಲಿ ಹಿಡಿದು, ಕಿವಿಯ ಮೇಲಿನ ಕೂದಲು ಸರಿಸಿ ತೆಗೆದ ಪಕ್ಕದ ಚಿತ್ರ ಉಪಯೋಗಕ್ಕೆ ಬರುತ್ತದೆ.

ವೈದ್ಯರು ಏನೇನು ನೋಡುತ್ತಾರೆ?

ಹುಬ್ಬುಗಳ ನಡುವಿನ ಜಾಗ, ಮೂಗಿನ ಬುಡ, ಗದ್ದದ ಮುಂತುದಿ, ಈ ಮೂರನ್ನು ಕಣ್ಣಳತೆಯಲ್ಲೇ ಕೂಡಿಸಿದರೆ ಮುಖದ ಒಟ್ಟು ಆಕಾರ ತಿಳಿಯುತ್ತದೆ. ಹೆಚ್ಚುಕಡಿಮೆ ನೇರವಾಗಿದ್ದರೆ ಎರಡೂ ದವಡೆಗಳು ಹೊಂದಿಕೊಂಡಿವೆ. ನಡುವೆ ಉಬ್ಬಿದ್ದರೆ ಕೆಳದವಡೆ ಹಿಂದಿರಬಹುದು ಅಥವಾ ಮೇಲ್ದವಡೆ ಮುಂದಿರಬಹುದು. ನಡುವೆ ತಗ್ಗಿದ್ದರೆ ಕೆಳದವಡೆ ಹೆಚ್ಚು ಬೆಳೆದಿರಬಹುದು ಅಥವಾ ಮೇಲ್ದವಡೆ ಬೆಳೆಯದೆ ಹೋಗಿರಬಹುದು. ಸೀಳು ಅಂಗುಳಕ್ಕೆ ಎಳವೆಯಲ್ಲಿ ಶಸ್ತ್ರಚಿಕಿತ್ಸೆ ಆದ ಮಕ್ಕಳಲ್ಲಿ ಈ ಕೊನೆಯ ಬಗೆ ಕಾಣಸಿಗುವುದುಂಟು.

ಮೂಗಿನ ತಳಕ್ಕೂ ಮೇಲ್ದುಟಿಗೂ ನಡುವಿನ ಕೋನ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯಷ್ಟಿರುತ್ತದೆ. ಇದು ಮೊದಲೇ ಅಗಲವಾಗಿದ್ದರೆ ಮೇಲಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಏಕೆಂದರೆ ಕೋನ ಇನ್ನೂ ಅಗಲವಾಗಿ ಮೇಲ್ದುಟಿ ಮೂಗಿನ ಕೆಳಗಿನಿಂದ ಜಾರಿ ಒಳಗೆ ಹೋದಂತೆ ಕಾಣುತ್ತದೆ.

ಇನ್ನು ರಿಕೆಟ್ಸ್ ಗೆರೆ. ಶಾಲೆಯ ಸ್ಕೇಲೊಂದನ್ನು ಮೂಗಿನ ತುದಿಗೂ ಗದ್ದಕ್ಕೂ ಹಗುರವಾಗಿ ತಾಗಿಸಿ ಹಿಡಿದರೆ ಆ ಗೆರೆಯ ಅಂದಾಜು ಸಿಗುತ್ತದೆ. ಬೆಳೆದ ಬಿಳಿಯರಲ್ಲಿ ಕೆಳತುಟಿ ಗೆರೆಯಿಂದ ಸುಮಾರು 2 ಮಿ.ಮೀ., ಮೇಲ್ದುಟಿ ಸುಮಾರು 4 ಮಿ.ಮೀ. ಹಿಂದಿರುತ್ತವೆಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ತುಟಿ ಗೆರೆಗೆ ಇನ್ನಷ್ಟು ಹತ್ತಿರವಿರುವುದು ಅಪರೂಪವಲ್ಲ. ಮಕ್ಕಳಲ್ಲಂತೂ ಗೆರೆಯನ್ನು ಮುಟ್ಟಿಯೇ ಇರಬಹುದು. ಈ ಗೆರೆಗೂ ಒಂದು ಕೊರತೆಯಿದೆ. ಮೂಗು ಉದ್ದವಿದ್ದವರಲ್ಲಿ ತುಟಿ ಇಲ್ಲದ ಕಡೆ ಹಿಂದಿದ್ದಂತೆಯೂ, ಗದ್ದ ಚಿಕ್ಕದಿದ್ದವರಲ್ಲಿ ಇಲ್ಲದ ಕಡೆ ಮುಂದಿದ್ದಂತೆಯೂ ತೋರಿಸಿಬಿಡುತ್ತದೆ. ಆದ್ದರಿಂದ ಒಂದೇ ಗೆರೆಯನ್ನು ನಂಬಿ ಯಾವ ಅನುಭವಿ ವೈದ್ಯರೂ ಹಲ್ಲು ಕೀಳುವ ನಿರ್ಧಾರಕ್ಕೆ ಬರುವುದಿಲ್ಲ. ಮನೆಯಲ್ಲಿ ಸ್ಕೇಲು ಹಿಡಿದವರೂ ಬರಬಾರದು!

ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮಾಡುವ ಇನ್ನೊಂದು ಪರೀಕ್ಷೆ ಬಹಳ ಸರಳ, ಆದರೆ ಬಹಳ ಹೇಳುತ್ತದೆ. ಉಬ್ಬುಹಲ್ಲಿನ ಮಗುವಿಗೆ ಕೆಳದವಡೆಯನ್ನು ಮುಂದಕ್ಕೆ ತಂದು ಬಾಚಿಹಲ್ಲುಗಳನ್ನು ಹತ್ತಿರ ಹತ್ತಿರ ಸೇರಿಸಿ ತುಟಿ ಮುಚ್ಚುವಂತೆ ಹೇಳಿ, ಪಕ್ಕದಿಂದ ನೋಡಬೇಕು. ಮುಖ ಥಟ್ಟನೆ ಚೆನ್ನಾಗಿ ಕಂಡರೆ ಕೊರತೆ ಕೆಳದವಡೆಯದು. ಮೊದಲಿಗಿಂತ ಕೆಟ್ಟದಾಗಿ, ಬಾಯಿ ತುಂಬಿಕೊಂಡಂತೆ ಕಂಡರೆ ತೊಂದರೆ ಮೇಲ್ದವಡೆಯದೋ ಹಲ್ಲಿನದೋ ಆಗಿರಬಹುದು.

ಇಬ್ಬರು ಹುಡುಗಿಯರು

ಇಷ್ಟೆಲ್ಲ ಏಕೆ ಬೇಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಹನ್ನೆರಡು ವರ್ಷದ ಇಬ್ಬರು ಹುಡುಗಿಯರನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ ಉಬ್ಬುಹಲ್ಲು. ಇಬ್ಬರ ತಾಯಂದಿರದೂ ಒಂದೇ ಮಾತು: 'ಒಳಗೆ ತಳ್ಳಿಬಿಡಿ.'

ಮೊದಲನೆಯವಳ ಮೇಲಿನ ಹಾಗೂ ಕೆಳಗಿನ ಹಲ್ಲುಗಳೆರಡೂ ಮುಂದಕ್ಕೆ ಬಾಗಿವೆ. ಗದ್ದ ಚೆನ್ನಾಗಿದೆ, ದವಡೆಗಳು ಹೊಂದಿಕೊಂಡಿವೆ. ತುಟಿ ಮಾತ್ರ ಎರಡೂ ಗೆರೆಯಿಂದ ಸಾಕಷ್ಟು ಮುಂದೆ ಬಂದು, ಮುಚ್ಚಲು ಒದ್ದಾಡಬೇಕಾಗುತ್ತದೆ. ಮೂಗಿನ ಕೆಳಗಿನ ಕೋನ ಇಕ್ಕಟ್ಟಾಗಿದೆ. ಇವಳಿಗೆ ನಾಲ್ಕು ಮುಂದವಡೆ ಹಲ್ಲು ತೆಗೆದು ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಎಳೆದರೆ ತುಟಿ ಸಲೀಸಾಗಿ ಮುಚ್ಚುತ್ತದೆ, ಮುಖ ಅಂದವಾಗುತ್ತದೆ. 'ಗಟ್ಟಿ ಹಲ್ಲು ಏಕೆ ಕೀಳಿಸಬೇಕು' ಎಂದು ಅಜ್ಜಿ ಹಠ ಹಿಡಿದರೆ ನಷ್ಟವಾಗುವುದು ಹುಡುಗಿಗೆ. ಹಲ್ಲು ಕಿತ್ತರೆ ಕಣ್ಣಿಗೆ ಅಪಾಯ ಎಂಬ ಭಯಕ್ಕಂತೂ ಆಧಾರವೇ ಇಲ್ಲ.

ಎರಡನೆಯವಳ ಮೇಲಿನ ಹಲ್ಲುಗಳು ನೋಡಲು ಅಷ್ಟೇ ಮುಂದಿವೆ. ಆದರೆ ಪಕ್ಕದಿಂದ ನೋಡಿದರೆ ಮೇಲ್ದುಟಿ ಇರಬೇಕಾದ ಜಾಗದಲ್ಲೇ ಇದೆ, ಮೂಗಿನ ಕೆಳಗಿನ ಕೋನ ಆಗಲೇ ಅಗಲ. ಹಿಂದೆ ಬಿದ್ದಿರುವುದು ಕೆಳದವಡೆ ಮತ್ತು ಗದ್ದ. ಇವಳ ಮೇಲಿನ ಎರಡು ಹಲ್ಲು ಕಿತ್ತು ಮುಂದಿನ ಸಾಲನ್ನು ಹಿಂದಕ್ಕೆ ಎಳೆದರೆ ಉಬ್ಬು ಮಾಯವಾಗುತ್ತದೆ, ತಾಯಿಗೆ ಸಮಾಧಾನವಾಗುತ್ತದೆ. ಆದರೆ ಮೇಲ್ದುಟಿ ಹಿಂದೆ ಸರಿದು, ಗದ್ದ ಮೊದಲೇ ಹಿಂದಿದ್ದು, ನಡುವೆ ಮೂಗು ಮಾತ್ರ ಎದ್ದು ಕಾಣುವ ಮುಖ ಉಳಿಯುವ ಸಂಭವವಿದೆ. ಇವಳಿಗೆ ಬೇಕಾದದ್ದು ಬೆಳವಣಿಗೆಯ ಕಾಲದಲ್ಲೇ ಕೆಳದವಡೆಯನ್ನು ಮುಂದಿರಿಸುವ ಉಪಕರಣ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ರೂಪಿಸಿದ ಟ್ವಿನ್ ಬ್ಲಾಕ್ ಇಂಥವುಗಳಲ್ಲಿ ಹೆಸರಾದದ್ದು. ಮೇಲೊಂದು, ಕೆಳಗೊಂದು ಅಚ್ಚಿನಂತಿರುವ ಇದನ್ನು ಹಾಕಿಕೊಂಡರೆ ಬಾಯಿ ಮುಚ್ಚುವಾಗ ದವಡೆ ಮುಂದಕ್ಕೇ ಬರಬೇಕು. ಪವಾಡವೇನೂ ಆಗುವುದಿಲ್ಲ. ಇದರ ಪರಿಣಾಮದಲ್ಲಿ ಹೆಚ್ಚಿನ ಪಾಲು ಹಲ್ಲುಗಳು ಸರಿಯುವುದರಿಂದ ಬರುತ್ತದೆ. ದವಡೆಯ ಬೆಳವಣಿಗೆಯಲ್ಲಿ ಸಿಗುವ ಲಾಭ ಕೆಲವೇ ಮಿ.ಮೀ. ಆದರೂ ಮೇಲ್ದುಟಿಯನ್ನು ಬಲಿಕೊಡದೆ ಉಬ್ಬು ಇಳಿಯುತ್ತದೆ. ಮುಂದೆ ಚಾಚಿದ ಹಲ್ಲುಗಳು ಆಟದಲ್ಲಿ, ಸೈಕಲ್ಲಿನಿಂದ ಬಿದ್ದಾಗ ಮುರಿಯುವ ಅಪಾಯವೂ ತಗ್ಗುತ್ತದೆ.

ಹಲ್ಲು ಕೀಳಿಸಿದರೆ ಮುಖ ಕೆಡುತ್ತದೆ ಎಂದು ಇದರಿಂದ ತಿಳಿಯಬಾರದು. ಸರಿಯಾಗಿ ಆರಿಸಿದವರಲ್ಲಿ ಹಾಗಾಗುವುದಿಲ್ಲ. ಹಲ್ಲು ಹಿಂದೆ ಸರಿದಷ್ಟೇ ತುಟಿಯೂ ಸರಿಯುತ್ತದೆಂಬ ಲೆಕ್ಕವೂ ಇಲ್ಲ. ತೆಳುತುಟಿ ಹೆಚ್ಚು ಹಿಂಬಾಲಿಸುತ್ತದೆ, ದಪ್ಪತುಟಿ ಕಡಿಮೆ. ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಕಂಪ್ಯೂಟರ್ ಪರದೆಯ ಮೇಲೆ ತೋರಿಸುವ 'ಚಿಕಿತ್ಸೆಯ ನಂತರದ ಮುಖ' ಒಂದು ಅಂದಾಜು ಮಾತ್ರ.

ವಯಸ್ಸೇ ಮುಖ್ಯ

ಮುಖ ನಿಂತ ನೀರಲ್ಲ. ಹದಿಹರೆಯದ ಉದ್ದಕ್ಕೂ ಮೂಗು ಮುಂದಕ್ಕೂ ಕೆಳಕ್ಕೂ ಬೆಳೆಯುತ್ತದೆ. ಗಂಡುಮಕ್ಕಳಲ್ಲಿ ಮೂಗು, ಗದ್ದಗಳ ಬೆಳವಣಿಗೆ ಇನ್ನೂ ತಡವಾಗಿ, ಇನ್ನೂ ಹೆಚ್ಚಾಗಿ ಆಗುತ್ತದೆ. ಇವೆರಡೂ ಮುಂದೆ ಬಂದಂತೆ ತುಟಿ ಹಿಂದೆ ಸರಿದಂತೆ ಕಾಣುವುದು ಸಹಜ. ಮಧ್ಯವಯಸ್ಸು ದಾಟಿದ ಮೇಲೆ ತುಟಿ ತೆಳುವಾಗುತ್ತದೆ, ನಗುವಾಗ ಮೇಲಿನ ಹಲ್ಲು ಕಾಣುವುದು ಕಡಿಮೆಯಾಗುತ್ತದೆ. ಆದ್ದರಿಂದ ಹನ್ನೆರಡರಲ್ಲಿ 'ತುಸು ಮುಂದಿದೆ' ಎನ್ನಿಸುವ ತುಟಿ ಇಪ್ಪತ್ತೈದಕ್ಕೆ ಹದವಾಗಿರಬಹುದು. ಹನ್ನೆರಡರಲ್ಲಿ ಒತ್ತಿ ಚಪ್ಪಟೆ ಮಾಡಿದ ತುಟಿ ನಲವತ್ತಕ್ಕೆ ಒಳಸೇರಿದಂತಾಗಬಹುದು.

ನಮ್ಮಲ್ಲಿ ಹೆಣ್ಣುಮಕ್ಕಳ ಹಲ್ಲಿನ ನೆನಪಾಗುವುದು ಗಂಡಿನ ಕಡೆಯವರು ನೋಡಲು ಬರುತ್ತಾರೆಂದಾಗ. 'ಆರು ತಿಂಗಳಲ್ಲಿ ಮುಗಿಸಿಕೊಡಿ, ಮದುವೆ ಇದೆ' ಎಂಬ ಒತ್ತಾಯವೂ ಜೊತೆಗೆ ಬರುತ್ತದೆ. ಗಂಡುಮಕ್ಕಳನ್ನಂತೂ ಕರೆತರುವವರೇ ಕಡಿಮೆ. ಇಪ್ಪತ್ತರ ಹೊತ್ತಿಗೆ ದವಡೆಯ ಬೆಳವಣಿಗೆ ಮುಗಿದಿರುವುದರಿಂದ ಟ್ವಿನ್ ಬ್ಲಾಕ್‌ನಂಥ ಉಪಕರಣದ ಕಾಲ ದಾಟಿಹೋಗಿರುತ್ತದೆ. ಆಗ ಉಳಿಯುವುದು ಎರಡೇ ದಾರಿ: ಹಲ್ಲುಗಳನ್ನು ಸರಿಸಿ ದವಡೆಯ ಕೊರತೆಯನ್ನು ಮರೆಮಾಚುವುದು, ಇಲ್ಲವೇ ದವಡೆಯ ಮೂಳೆಗೇ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆಯಿಂದ ಒಳ್ಳೆಯ ಫಲಿತಾಂಶ ಸಿಗುತ್ತದೆ, ಆದರೆ ಆಸ್ಪತ್ರೆವಾಸ, ಖರ್ಚು, ತಂತಿಯ ಕಾಲ ಎಲ್ಲವೂ ಸೇರಿಕೊಳ್ಳುತ್ತದೆ.

ಹೆಣ್ಣುಮಕ್ಕಳಲ್ಲಿ ಬೆಳವಣಿಗೆಯ ಜಿಗಿತ ಸುಮಾರು 10ರಿಂದ 12ರ ನಡುವೆ, ಗಂಡುಮಕ್ಕಳಲ್ಲಿ 12ರಿಂದ 14ರ ನಡುವೆ ಬರುತ್ತದೆ. ಏಳನೆಯ ವಯಸ್ಸಿಗೆ ಒಮ್ಮೆ ತೋರಿಸಿಟ್ಟರೆ ಒಳ್ಳೆಯದು. ಆಗಲೇ ಚಿಕಿತ್ಸೆ ಬೇಕಾಗುತ್ತದೆಂದಲ್ಲ. ಯಾವಾಗ ಮತ್ತೆ ಬರಬೇಕೆಂದು ತಿಳಿಯುತ್ತದೆ. ನಾಲ್ಕೈದು ವರ್ಷದ ನಂತರವೂ ಬೆರಳು ಚೀಪುವ, ಸದಾ ಬಾಯಿ ತೆರೆದು ಉಸಿರಾಡುವ, ಕೆಳತುಟಿಯನ್ನು ಮೇಲಿನ ಹಲ್ಲಿನ ಹಿಂದೆ ಸಿಕ್ಕಿಸಿಕೊಳ್ಳುವ ಮಕ್ಕಳನ್ನು ಏಳರವರೆಗೂ ಕಾಯದೆ ತೋರಿಸಿ. ಬಾಯಿಂದ ಉಸಿರಾಡುವವರಿಗೆ ಕಿವಿ, ಮೂಗು, ಗಂಟಲು ತಜ್ಞರ ಪರೀಕ್ಷೆಯೂ ಆಗಬೇಕು. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡು ದಾರಿ ಕಟ್ಟಿರುವಾಗ ಬರೀ ತಂತಿ ಹಾಕಿ ಫಲವಿಲ್ಲ.

ತೋರಿಸಲು ಹೋಗುವಾಗ

ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಿಂದ ಇದೆ. ದಂತ ಕಾಲೇಜುಗಳಲ್ಲಿ ಕಾಯುವುದು ಹೆಚ್ಚಾದರೂ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕುಗಳಿಗಿಂತ ಕಡಿಮೆ. ಸೀಳುತುಟಿ, ಸೀಳು ಅಂಗುಳ ಇರುವ ಮಕ್ಕಳಾದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ವೈದ್ಯರ ತಂಡಕ್ಕೆ ತೋರಿಸಿ.

ಚಿಕಿತ್ಸೆ ಮಾಡುವವರು ವಕ್ರದಂತ ವಿಭಾಗದಲ್ಲಿ ಎಂ.ಡಿ.ಎಸ್. ಮಾಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಹಲ್ಲು ಕೀಳಬೇಕೆಂದರೆ 'ಕಿತ್ತರೆ ತುಟಿ ಎಷ್ಟು ಹಿಂದೆ ಹೋಗಬಹುದು, ಕೀಳದಿದ್ದರೆ ಮುಖ ಹೇಗಾಗುತ್ತದೆ' ಎಂಬ ಎರಡು ಪ್ರಶ್ನೆಗಳಿಗೆ ಪಕ್ಕದ ಫೋಟೋ ಮತ್ತು ಸೆಫಲೋಗ್ರಾಂ ಮುಂದಿಟ್ಟುಕೊಂಡು ವಿವರಿಸಲು ಕೇಳಿ. ಈ ಎಕ್ಸ್-ರೇಯಲ್ಲಿ ವಿಕಿರಣ ಬಹಳ ಕಡಿಮೆ. ಆದರೂ ಈಗಾಗಲೇ ಒಂದು ಕಡೆ ತೆಗೆಸಿದ್ದರೆ ಅದನ್ನೇ ಕೊಂಡೊಯ್ಯಿರಿ.

ತಂದೆ ಅಥವಾ ತಾಯಿ, ಮಗು ಯಾರನ್ನು ಹೋಲುತ್ತದೋ ಅವರು ಜೊತೆಯಲ್ಲಿ ಹೋಗುವುದು ಒಳ್ಳೆಯದು. ಮಗುವಿನ ಮೂಗು, ಗದ್ದ ಮುಂದೆ ಯಾವ ದಿಕ್ಕಿಗೆ ಬೆಳೆಯಬಹುದೆಂದು ಊಹಿಸಲು ಹೆತ್ತವರ ಮುಖ ನೆರವಾಗುತ್ತದೆ. ದೇವರಾಯನದುರ್ಗದ ತೇರಿಗೆ ಹೋದಾಗಲೋ ಮನೆಯ ಮದುವೆಯಲ್ಲೋ ತೆಗೆಸಿದ ಹಳೆಯ ಫೋಟೋಗಳಲ್ಲಿ ಮಗುವಿನ ಅಥವಾ ಹೆತ್ತವರ ಪಕ್ಕನೋಟ ಸಿಕ್ಕಿದ್ದರೆ ಅದನ್ನೂ ಇಟ್ಟುಕೊಳ್ಳಿ. ಹಲ್ಲು ಕಾಣುವಂತೆ ನಕ್ಕಿರುವ ಚಿತ್ರ ಈ ಕೆಲಸಕ್ಕೆ ಬಾರದು. ಕ್ಯಾಮೆರಾ ಗಮನಿಸದೆ ಎತ್ತಲೋ ನೋಡುತ್ತ ನಿಂತಾಗ ತೆಗೆದದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.